ಜೇಬಿನೊಳಗಣ ಗೂಢಚಾರ

ಅರಸರನ್ನು ನಮ್ಮ ಪೂರ್ವಿಕರು ‘ಚಾರಚಕ್ಷು’ಗಳೆಂದು ಕರೆದರು. ಗೂಢಚಾರರೇ ಅರಸನಿಗೆ ಕಣ್ಣುಗಳೆಂಬುದು ಇದರ ಭಾವ. ಕೌಟಿಲ್ಯನು ತನ್ನ ಅರ್ಥಶಾಸ್ತ್ರದಲ್ಲಿ ತಾಪಸನ, ಒಕ್ಕಲಿಗನ, ವರ್ತಕನ ವೇಷವನ್ನು ತೊಟ್ಟ ಚಾರರನ್ನು ವಿವರವಾಗಿ ಹೇಳಿರುವನು. ಅಂದಿನ ಚಾರನಿಗೆ ವೇತನವನ್ನು ಕೊಡಬೇಕಾಗಿದ್ದಿತು; ವೇಷವನ್ನು ಕಲಿಸಬೇಕಾಗಿದ್ದಿತು. ಇಂದಾದರೋ ಸೈನಿಕನು ತನ್ನ ಸ್ವಂತ ಹಣದಿಂದಲೇ ಶತ್ರುವಿಗೊಬ್ಬ ಚಾರನನ್ನು ಕೊಂಡು ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿರುವನು. ಆ ಚಾರನೇ ಮೊಬೈಲ್ ಫೋನು.

ವಾಚಕರು ಇದನ್ನು ಅತಿಶಯೋಕ್ತಿಯೆಂದು ಭಾವಿಸಬಾರದು. ಫೋನು ಸುಮ್ಮನಿರುವಾಗಲೂ ಸಮೀಪದ ಗೋಪುರದೊಡನೆ ರೇಡಿಯೋ ಅಲೆಗಳ ಮೂಲಕ ಆಗಾಗ್ಗೆ ಸಂಪರ್ಕವನ್ನು ಮಾಡುತ್ತಿರುವುದು. ಆ ಅಲೆಗಳನ್ನು ಎರಡು ಮೂರು ಕಡೆಗಳಿಂದ ಹಿಡಿದವನಿಗೆ ಫೋನಿರುವ ಸ್ಥಳವು ತಿಳಿಯುವುದು. ಒಂದೇ ಸ್ಥಳದಿಂದ ನೂರಾರು ಫೋನುಗಳು ಹೀಗೆ ಉಲಿದರೆ ಅಲ್ಲಿ ದಂಡು ಇಳಿದಿರುವುದೂ ತಿಳಿಯುವುದು. ಓಟ ನಡಿಗೆಗಳನ್ನು ಅಳೆಯುವ ‘ಸ್ಟ್ರಾವಾ’ ಎಂಬ ಸಾಧನದ ಭೂಪಟದಲ್ಲಿ, ಸೈನಿಕರ ವ್ಯಾಯಾಮದ ಹಾದಿಗಳಿಂದಲೇ ಹಲವು ದೇಶಗಳ ಸೇನಾನೆಲೆಗಳು ಬಯಲಾದುದು 2018ರ ಜನವರಿಯಲ್ಲಿ ಬೆಳಕಿಗೆ ಬಂದಿತು.

2023ನೆಯ ಇಸವಿಯ ಮೊದಲನೆಯ ದಿನ, ಮಧ್ಯರಾತ್ರಿ ಕಳೆದೊಡನೆ, ಯುಕ್ರೇನಿನ ಮಕೀವ್ಕಾ ಪಟ್ಟಣದಲ್ಲಿ ರಷ್ಯದ ಸೈನಿಕರು ಇಳಿದುಕೊಂಡಿದ್ದ ಶಾಲೆಯ ಮೇಲೆ ರಾಕೆಟ್ಟುಗಳು ಬಿದ್ದುವು. 89 ಮಂದಿ ಮಡಿದರೆಂದು ರಷ್ಯವೇ ಒಪ್ಪಿಕೊಂಡಿತು; ನಿಷೇಧವನ್ನು ಮೀರಿ ಫೋನುಗಳನ್ನು ಬಳಸಿದುದೇ ಮುಖ್ಯ ಕಾರಣವೆಂದು ಅದರ ರಕ್ಷಣಾಖಾತೆಯು ಹೇಳಿತು. ಅಷ್ಟು ಜನರನ್ನು ಒಂದೇ ಸೂರಿನಡಿಯಲ್ಲಿ ಇರಿಸಿದ ಅಧಿಕಾರಿಗಳದೇ ತಪ್ಪೆಂದು ಅಲ್ಲಿಯವರೇ ಹಲವರು ಆಕ್ಷೇಪಿಸಿದರು. ಎರಡು ಮಾತುಗಳಿಂದಲೂ ಹೊರಡುವ ಪಾಠವೊಂದೇ: ದಂಡನ್ನು ಒಂದೆಡೆ ಕಲೆಹಾಕುವುದೇ ಬಲವೆಂದು ಎಣಿಸುತ್ತಿದ್ದ ಕಾಲವು ಕಳೆಯಿತು, ಚದುರಿರುವುದೂ ಮೌನವಾಗಿರುವುದೂ ಇಂದಿನ ಯುದ್ಧನೀತಿಯಾಗಿವೆ.

ಇದು ರಣರಂಗದವರ ಮಾತು, ಗೃಹಸ್ಥರಿಗೇನೆಂದು ಕೇಳುವವರುಂಟು. 2008ರ ನವೆಂಬರಿನಲ್ಲಿ ಹಂತಕರು ಮುಂಬಯಿಯ ಹೋಟೆಲುಗಳನ್ನು ಹೊಕ್ಕಿದ್ದಾಗ, ರಕ್ಷಣಾಪಡೆಯ ಚಲನವಲನಗಳನ್ನು ಟೆಲಿವಿಷನ್ನು ಎಡೆಬಿಡದೆ ತೋರಿಸುತ್ತಿದ್ದಿತು. ಪಾಕಿಸ್ತಾನದಲ್ಲಿ ಕುಳಿತಿದ್ದ ಅವರ ಸೂತ್ರಧಾರರು ಅದನ್ನೇ ನೋಡುತ್ತ ಫೋನಿನಲ್ಲಿ ಆದೇಶಗಳನ್ನೀಯುತ್ತಿದ್ದರು. 2012ರಲ್ಲಿ ಸರ್ವೋಚ್ಚ ನ್ಯಾಯಾಲಯವು ತನ್ನ ತೀರ್ಪಿನಲ್ಲಿ ಈ ಪ್ರಸಾರವನ್ನು ಕಟುವಾಗಿ ಖಂಡಿಸಿತು. ಅಂದು ಕ್ಯಾಮೆರಾ ಕೆಲವರ ಕೈಯಲ್ಲಿದ್ದಿತು. ಇಂದು ಮನೆಮನೆಯಲ್ಲಿಯೂ ಇರುವುದು.

ಕೊಡಗಿನಲ್ಲಿಯೂ ಬೆಳಗಾವಿಯ ಕಡೆಯಲ್ಲಿಯೂ ಮಗನನ್ನು ಸೈನ್ಯಕ್ಕೆ ಕಳುಹಿಸಿದ ಮನೆಗಳು ಅನೇಕವಿವೆ. ಮಗನ ದನಿಯನ್ನು ಕೇಳಬೇಕೆಂಬ ತಾಯಿಯ ಹಂಬಲವು ಸಹಜವಾದುದು. ಅದನ್ನು ತಪ್ಪೆನ್ನುವಷ್ಟು ಕಠಿನರು ನಾವಲ್ಲ. ಆದರೆ ಎಲ್ಲಿರುವೆ, ಎತ್ತ ಹೊರಟೆ ಎಂದು ಅವನನ್ನು ಕೇಳಬಾರದು; ಅವನು ಕಳುಹಿಸಿದ ಚಿತ್ರವನ್ನು ಹೆಮ್ಮೆಯಿಂದ ಊರಿಗೆಲ್ಲ ಹಂಚಬಾರದು; ಸ್ಟೇಷನ್ನಿನಲ್ಲಿ ಸೈನಿಕರ ರೈಲನ್ನು ಕಂಡರೆ ಮನಸಾರ ಹರಸಬೇಕಲ್ಲದೆ ಚಿತ್ರವನ್ನು ತೆಗೆಯಬಾರದು. ಫೋನು ಉಲಿಯದಿರುವ ದಿನಗಳಲ್ಲಿ, ಆ ಮೌನವೇ ಅವನಿಗೆ ಕವಚವಾಗಿರಬಹುದೆಂದು ತಿಳಿದು ಮನೆಯವರು ಧೈರ್ಯವನ್ನು ತಾಳಬೇಕು.