ಬಿಲ್ಲಿಗೆ ಬಾರದ ಬೇಡಿಕೆ

‘ಅಂಗಡಿಯಲ್ಲಿ ಮುಂದಿನ ತಿಂಗಳು ಏನು ಖರ್ಚಾಗುತ್ತದೆ ಅನ್ನೋದಕ್ಕೆ ಜನರ ಭಾಷೆ, ಆಚಾರ ಎಲ್ಲ ಯಾಕೆ? ಹಳೇ ಬಿಲ್ಲು ಕಂಪ್ಯೂಟರಿಗೆ ಹಾಕಿ, ಅದೇ ಹೇಳುತ್ತೆ’ ಎಂಬ ಮಾತು ಈಗ ಜಾಣತನವೆನಿಸಿಕೊಂಡಿದೆ. ಇದು ಅರೆಜಾಣತನ. ಬಿಲ್ಲಿಗೆ ಗೊತ್ತಿರುವುದು ಮಾರಿದ್ದು ಮಾತ್ರ. ಜನ ಕೇಳಿ ಸಿಗದೆ ಹೋದದ್ದು ಅದಕ್ಕೆ ಕಾಣುವುದೇ ಇಲ್ಲ.

ಕಾಫಿ ಬೆಳೆಯುವ ಯಸಳೂರು ಸೀಮೆಯನ್ನೇ ನೋಡಿ. ನವೆಂಬರಿನಿಂದ ಅರೇಬಿಕಾ, ಜನವರಿಯ ಹೊತ್ತಿಗೆ ರೋಬಸ್ಟಾ ಕೊಯ್ಲು. ಮಲೆನಾಡಿನ ತೋಟಗಳ ಕೂಲಿಕಾರರ ಲೈನ್ ಮನೆಗಳಲ್ಲಿ ಈಗ ಕನ್ನಡ, ತಮಿಳಿನ ಜೊತೆ ಅಸ್ಸಾಂ, ಬಂಗಾಳದ ಮಾತೂ ಕೇಳುತ್ತದೆ. ಆ ಕಡೆಯ ಅಡುಗೆಗೆ ಸಾಸಿವೆ ಎಣ್ಣೆಯೇ ಆಗಬೇಕು. ಅಂಗಡಿಯಲ್ಲಿ ಅದಿಲ್ಲ ಎಂದಿಟ್ಟುಕೊಳ್ಳಿ. ಬಟವಾಡೆಯ ದಿನ ಬಂದವನು ಬರಿಗೈಲಿ ಹೋಗಲಾರ, ಪಾಮ್ ಎಣ್ಣೆ ಒಯ್ಯುತ್ತಾನೆ. ಪಾಮ್ ಎಣ್ಣೆಗೆ ಬೇಡಿಕೆ ಏರಿತೆಂದು ಕಂಪ್ಯೂಟರು ಬರೆದುಕೊಳ್ಳುತ್ತದೆ. ಮರುವರ್ಷ ಅದನ್ನೇ ಹೆಚ್ಚು ತರಿಸುತ್ತಾರೆ, ಅದೇ ಹೆಚ್ಚು ಹೋಗುತ್ತದೆ, ಅಂದಾಜು ನಿಜವಾಯಿತೆಂದು ಎಲ್ಲರಿಗೂ ಸಮಾಧಾನ! ಅಂಗಡಿಯವನ ಅಜ್ಞಾನವೇ ಅಂಕಿಯ ವೇಷ ತೊಟ್ಟು ಅವನಿಗೇ ಬುದ್ಧಿ ಹೇಳುತ್ತದೆ.

ಇನ್ನು ತಾರೀಖಿನ ಪಾಡು: ಹಬ್ಬ ಜರುಗಿದರೆ ಹಳೇ ಬಿಲ್ಲಿನ ತಿಂಗಳ ಲೆಕ್ಕ ತಪ್ಪುತ್ತದೆ. ರಂಜಾನ್ ಹಬ್ಬ 2024ರಲ್ಲಿ ಏಪ್ರಿಲ್ ಎರಡನೇ ವಾರ ಬಂದರೆ 2025ರಲ್ಲಿ ಮಾರ್ಚ್ 31ಕ್ಕೇ ಬಂತು. ಗಣೇಶ ಚೌತಿ 2022ರಲ್ಲಿ ಆಗಸ್ಟ್ 31. ಮರುವರ್ಷ ಅಧಿಕಮಾಸ ಬಿದ್ದು ಸೆಪ್ಟೆಂಬರ್ 18. ಪಂಚಾಂಗವನ್ನೂ ಕಂಪ್ಯೂಟರಿಗೆ ತುಂಬಬಹುದಲ್ಲ ಎಂದರೆ, ತುಂಬಲೇಬೇಕು. ಆದರೆ ಯಾವ ಹಬ್ಬಕ್ಕೆ ಯಾರ ಮನೆಗೆ ಏನು ಹೋಗುತ್ತದೆ ಎಂದು ಹೇಳಲು ಹಬ್ಬ ಮಾಡುವವರೇ ಬೇಕು.

‘ಅಸ್ಸಾಮಿನವನೆಂದರೆ ಸಾಸಿವೆ ಎಣ್ಣೆ’ ಎಂದು ಮನುಷ್ಯರ ಹಣೆಗೆ ಚೀಟಿ ಅಂಟಿಸಿದಂತಾಗುವುದಿಲ್ಲವೇ ಎಂಬ ಆಕ್ಷೇಪಕ್ಕೆ ತೂಕವಿದೆ. ಅವರ ಪರವಾಗಿ ನಾವೇ ಊಹಿಸಿದರೆ ಹಾಗೇ ಆಗುತ್ತದೆ. ಆದ್ದರಿಂದಲೇ ಊಹಿಸುವವರ ಸಾಲಿನಲ್ಲಿ ಅವರೂ ಕೂರಬೇಕು. ಅವರೂ ತಪ್ಪಬಹುದು. ಆದರೆ ಒಂದೇ ಬಗೆಯ ಊಟ ಉಂಡು ಬೆಳೆದ ಐವರು ತಪ್ಪಿದರೆ ಎಲ್ಲರೂ ಒಂದೇ ಕಡೆಗೆ ವಾಲುತ್ತಾರೆ. ಬೇರೆಬೇರೆ ಕಡೆಯವರ ತಪ್ಪುಗಳು ಒಂದನ್ನೊಂದು ಕಳೆದುಕೊಳ್ಳುವ ಸಂಭವ ಹೆಚ್ಚು.

ಕೊಳ್ಳುವವನ ರುಚಿ ಕೇಳಬೇಕೆಂಬುದು ಕಾಫಿ ಬೆಳೆಗಾರರಿಗೆ ಹೊಸ ಪಾಠವೇನಲ್ಲ. ನಮ್ಮ ಕಾಫಿಯ ಬಹುಪಾಲು ರಫ್ತಾಗುತ್ತದೆ, ಕೊಳ್ಳುವವರಲ್ಲಿ ಇಟಲಿಯೇ ಮುಂದು. ಹಾಲು, ಚಿಕೋರಿ ಬೆರೆಸಿ ಕುಡಿಯುವ ತನ್ನ ನಾಲಿಗೆಯನ್ನೇ ನಂಬಿ ರೋಬಸ್ಟಾದ ಬೇಡಿಕೆ ಅಳೆದವನು ಕೆಟ್ಟ. ಇಟಲಿಯವನ ರುಚಿ ವಿಚಾರಿಸುವ ನಮಗೆ ಲೈನ್ ಮನೆಯವನ ರುಚಿ ಕೇಳಲು ಪುರುಸೊತ್ತಿಲ್ಲ!

ಬಿಲ್ ಪುಸ್ತಕದ ಪಕ್ಕ, ‘ಇಲ್ಲ’ ಎಂದು ಹೇಳಿ ಕಳಿಸಿದ ಸಾಮಾನಿನದೂ ಒಂದು ಪಟ್ಟಿ ಇರಲಿ. ಅದು ತುಂಬಬೇಕಾದರೆ ಗಿರಾಕಿಗೆ ಕೇಳುವ ಧೈರ್ಯ ಬರಬೇಕು. ತನ್ನ ಮಾತು ಬಲ್ಲವನು ಗಲ್ಲಾದ ಹತ್ತಿರ ನಿಂತಿದ್ದರೆ ಅದು ಬರುತ್ತದೆ. ಅಂಥವನೊಬ್ಬನಿಗೆ ಕೊಡುವ ಸಂಬಳವನ್ನು ದಾನಧರ್ಮದ ಲೆಕ್ಕಕ್ಕೆ ಸೇರಿಸಬೇಡಿ, ಬಂಡವಾಳಕ್ಕೆ ಸೇರಿಸಿ.