ನಮ್ಮ ಸುದ್ದಿ ನಮ್ಮ ಡಿಸ್ಕಿನಲ್ಲಿರಲಿ

‘ಮೇಲ್ ಯಾಕೆ ಸರ್, ವಾಟ್ಸ್‌ಆ್ಯಪ್‌ಗೆ ಹಾಕಿಬಿಡಿ, ಸಾಕು.’ ಡೆಸ್ಕಿನಿಂದ ಬರುವ ಈ ಮಾತು ಜಿಲ್ಲೆ, ತಾಲ್ಲೂಕುಗಳಲ್ಲಿರುವ ನಮ್ಮಂಥ ಸ್ಟ್ರಿಂಗರ್‌ಗಳಿಗೆ ಈಗ ಕಾನೂನೇ ಆಗಿಬಿಟ್ಟಿದೆ. ಸಾಕು, ನಿಜ. ಆದರೆ ಯಾರಿಗೆ ಸಾಕು? ಡೆಸ್ಕಿಗೆ ಸಾಕು. ನಮಗೆ ಸಾಲದು.

ನಮ್ಮಲ್ಲಿ ಬಹುತೇಕರಿಗೆ ನೇಮಕಾತಿ ಪತ್ರವಿಲ್ಲ, ಪಿಎಫ್ ಇಲ್ಲ, ಸಂಬಳವೂ ಇಲ್ಲ. ಅಚ್ಚಾದ ಸುದ್ದಿಗೆ ಇಷ್ಟು ಎಂದು ಗೌರವಧನ, ಅದೂ ತಡವಾಗಿ. ನಾವು ದುಡಿದಿದ್ದೇವೆ ಎನ್ನುವುದಕ್ಕೆ ಇರುವ ದಾಖಲೆ ಒಂದೇ: ನಾವು ಕಳಿಸಿದ ಸುದ್ದಿ. ಅದನ್ನೇ ಒಯ್ದು ಇನ್ನೊಬ್ಬರು ಅಡ್ಮಿನ್ ಆಗಿರುವ ಗುಂಪಿಗೆ ಸುರಿಯುತ್ತಿದ್ದೇವೆ. ಅಡ್ಮಿನ್ ಮನಸ್ಸು ಮಾಡಿದರೆ ನಾವು ಹಾಕಿದ್ದನ್ನು ಎಲ್ಲರ ಫೋನಿನಿಂದಲೂ ಅಳಿಸಬಹುದು. ಫೋನ್ ನೀರಿಗೆ ಬಿದ್ದು, ಬ್ಯಾಕಪ್ ಇಲ್ಲದಿದ್ದರೆ ಮುಗಿಯಿತು.

ಇದರ ಬಿಸಿ ತಟ್ಟುವುದು ಎರಡು ಹೊತ್ತಿನಲ್ಲಿ. ಒಂದು, ತಿಂಗಳ ಬಿಲ್ಲು ಕೇಳುವಾಗ. ಇನ್ನೊಂದು, ಮಾನನಷ್ಟದ ನೋಟಿಸ್ ಬಂದಾಗ. ನಾವು ‘ಆರೋಪ ಕೇಳಿಬಂದಿದೆ’ ಎಂದು ಬರೆದದ್ದು ಡೆಸ್ಕಿನಲ್ಲಿ ‘ಲೂಟಿ’ ಎಂಬ ಶೀರ್ಷಿಕೆಯಾಗಿ ಅಚ್ಚಾದರೆ, ಊರಲ್ಲಿ ಉತ್ತರ ಕೊಡಬೇಕಾದವರು ನಾವು. ಮೂಲ ಪ್ರತಿ ಎಲ್ಲಿ? ನಮ್ಮ ಬಳಗದ ಒಬ್ಬರನ್ನು ಪತ್ರಿಕೆಯೊಂದು ಕೈಬಿಟ್ಟ ದಿನವೇ ಕಚೇರಿ ಕೊಟ್ಟಿದ್ದ ಮೇಲ್ ವಿಳಾಸಕ್ಕೂ ಬೀಗ ಬಿತ್ತು. ಆರು ವರ್ಷದ ವರದಿಗಳು ಅದರೊಳಗೇ ಉಳಿದವು.

ಆದ್ದರಿಂದ ನಾವು ಹೇಳುವುದಿಷ್ಟೇ: ಸುದ್ದಿಯನ್ನು ಮೇಲ್‌ನಲ್ಲೇ ಕಳಿಸಿ. ಅದೂ ಬ್ರೌಸರಿನಲ್ಲಲ್ಲ, ನಿಮ್ಮದೇ ಕಂಪ್ಯೂಟರಿನಲ್ಲಿ ಕೂರುವ ಮೇಲ್ ತಂತ್ರಾಂಶದಿಂದ. ಹೊಸ ಯಂತ್ರ ಬೇಕಿಲ್ಲ. ಕ್ಲಾಸ್ ಮೇಲ್ ಎಂಬುದೊಂದಿದೆ. ತರಗತಿಯ ಕ್ಲಾಸ್ ಅಲ್ಲ, ಹಕ್ಕಿಯ ಉಗುರು. ಸಿಲ್ಫೀಡ್ ಎಂಬ ತಂತ್ರಾಂಶದಿಂದ ಕವಲೊಡೆದದ್ದು. ಉಚಿತ, ಮುಕ್ತ, ಲಿನಕ್ಸ್‌ನಲ್ಲೂ ವಿಂಡೋಸ್‌ನಲ್ಲೂ ಓಡುತ್ತದೆ. ಬ್ರೌಸರಿನಲ್ಲಿ ಜಿಮೇಲ್ ತೆರೆಯಲು ಏದುಸಿರು ಬಿಡುವ ಹಳೆಯ ಡಬ್ಬಾದಲ್ಲೂ ಸಲೀಸು. ಒಂದೊಂದು ಪತ್ರವನ್ನೂ ಒಂದೊಂದು ಬಿಡಿ ಫೈಲಾಗಿ ನಮ್ಮ ಡಿಸ್ಕಿನಲ್ಲೇ ಇಡುತ್ತದೆ. ಆ ಫೋಲ್ಡರನ್ನು ವಾರಕ್ಕೊಮ್ಮೆ ಪೆನ್‌ಡ್ರೈವಿಗೆ ನಕಲು ಮಾಡಿದರೆ ನಮ್ಮ ಕಡತ ನಮ್ಮ ಕಿಸೆಯಲ್ಲಿ.

ಹೊಂದಿಸುವಾಗ ಕೆಲವು ಕಡೆ ಎಚ್ಚರ ಬೇಕು. ಖಾತೆ ಸೇರಿಸುವಾಗ ಪಾಪ್ ಬೇಕೋ ಐಮ್ಯಾಪ್ ಬೇಕೋ ಎಂದು ಕೇಳುತ್ತದೆ. ಐಮ್ಯಾಪ್ ಕನ್ನಡಿಯಿದ್ದಂತೆ, ಸರ್ವರಿನಲ್ಲಿ ಅಳಿಸಿದ್ದು ಇಲ್ಲೂ ಅಳಿಯುತ್ತದೆ. ಪಾಪ್ ನಕಲು ಪ್ರತಿ; ಇಳಿದದ್ದು ನಮ್ಮದು. ನಮಗೆ ಬೇಕಾದದ್ದು ಪಾಪ್. ಪೋರ್ಟ್ 995. ಕಳಿಸಲು ಎಸ್‌ಎಂಟಿಪಿ, ಪೋರ್ಟ್ 465. ಎರಡಕ್ಕೂ ಎಸ್‌ಎಸ್‌ಎಲ್ ಆರಿಸಿ. ಇಳಿಸಿಕೊಂಡ ಪತ್ರಗಳನ್ನು ಇಷ್ಟು ದಿನದ ಮೇಲೆ ಸರ್ವರಿನಿಂದ ತೆಗೆದುಹಾಕು ಎಂಬ ಗುರುತು ಅಲ್ಲಿದ್ದರೆ ತೆಗೆಯಿರಿ, ಫೋನಿನಲ್ಲೂ ಪತ್ರಗಳು ಉಳಿಯಲಿ. ಜಿಮೇಲ್ ಆದರೆ ಮೊದಲು ಅದರ ಸೆಟ್ಟಿಂಗ್‌ನಲ್ಲಿ ಪಾಪ್ ಚಾಲೂ ಮಾಡಬೇಕು. ಅದರ ಮಾಮೂಲಿ ಪಾಸ್‌ವರ್ಡ್ ಇಲ್ಲಿ ನಡೆಯುವುದಿಲ್ಲ. ಎರಡು ಹಂತದ ಪರಿಶೀಲನೆ ಹಾಕಿಕೊಂಡು 16 ಅಕ್ಷರದ ಆ್ಯಪ್ ಪಾಸ್‌ವರ್ಡ್ ಪಡೆಯಿರಿ. ಬಹಳ ಜನ ಕೈಬಿಡುವುದು ಇಲ್ಲೇ. ಬಿಡಬೇಡಿ.

ಇನ್ನೆರಡು ಕೆಲಸ. ಕಳಿಸುವ ಪ್ರತಿ ಪತ್ರದ ಬಿಸಿಸಿ ತಾನಾಗಿಯೇ ನಿಮ್ಮ ಇನ್ನೊಂದು ಖಾಸಗಿ ವಿಳಾಸಕ್ಕೆ ಹೋಗುವಂತೆ ಖಾತೆಯ ಸೆಟ್ಟಿಂಗ್‌ನಲ್ಲಿ ಬರೆದಿಡಿ. ನಮ್ಮ ಡಿಸ್ಕಿನ ಪ್ರತಿಯನ್ನು ‘ನೀವೇ ತಿದ್ದಿರಬಹುದು’ ಎನ್ನಬಹುದು. ಬೇರೆ ಸರ್ವರ್ ದಿನ, ಗಂಟೆ, ನಿಮಿಷ ಒತ್ತಿ ಪಡೆದ ಪ್ರತಿಯನ್ನು ಹಾಗೆನ್ನುವುದು ಕಷ್ಟ. ಎರಡನೆಯದು, ಆಟೋ ರ‍್ಯಾಪಿಂಗ್ ನಿಲ್ಲಿಸಿ. ಇಲ್ಲದಿದ್ದರೆ ಸಾಲುಗಳು ಅರ್ಧಕ್ಕೇ ತುಂಡಾಗಿ, ಪುಟ ಕಟ್ಟುವವರು ನಮ್ಮನ್ನು ಬಯ್ಯುತ್ತಾರೆ.

ಇದರಲ್ಲಿ ಬಣ್ಣ, ದಪ್ಪಕ್ಷರ, ಅಲಂಕಾರ ಏನೂ ಬರೆಯಲಾಗದು, ಬರಿ ಅಕ್ಷರ. ಅದೇ ಒಳ್ಳೆಯದು. ಯುನಿಕೋಡ್ ಕನ್ನಡ ನೇರ ಪತ್ರದೊಳಗೇ ಕೂರುತ್ತದೆ. ಫಾಂಟ್ ಸಿಗದೆ ಆಸ್ಕಿ ಫೈಲು ಆ ಕಡೆ ಗೀಚುಗೀಚಾಗಿ ತೆರೆದುಕೊಳ್ಳುವ ಗೋಳಿಲ್ಲ. ನೆಟ್‌ವರ್ಕ್ ಇಲ್ಲದ ಊರಿನಲ್ಲಿ ಬರೆದು ‘ಆಮೇಲೆ ಕಳಿಸು’ ಒತ್ತಿದರೆ ಪತ್ರ ಸರದಿಯಲ್ಲಿ ಕಾಯುತ್ತದೆ. ಸಿಗ್ನಲ್ ಸಿಕ್ಕಾಗ ಒಟ್ಟಿಗೆ ಕಳಿಸಿದರಾಯಿತು.

‘ಬ್ರೇಕಿಂಗ್ ಸುದ್ದಿಗೆ ಇದೆಲ್ಲ ಆಗುತ್ತದೆಯೇ?’ ಎನ್ನುವವರಿದ್ದಾರೆ. ಅಪಘಾತವಾದರೆ ಎರಡು ಸಾಲು ವಾಟ್ಸ್‌ಆ್ಯಪ್‌ಗೆ ಹಾಕಿ, ಯಾರು ಬೇಡವೆಂದರು? ಪೂರ್ತಿ ವರದಿ ಮೇಲ್‌ಗೆ ಹೋಗಲಿ. ‘ಫೋಟೊ ದೊಡ್ಡದು’ ಎನ್ನುತ್ತಾರೆ. ಜಿಮೇಲ್‌ನಲ್ಲಿ ಒಂದು ಪತ್ರದ ಮಿತಿ 25 ಎಂಬಿ. ಕಳಿಸುವಾಗ ಲಗತ್ತು ಸುಮಾರು ಮೂರನೇ ಒಂದು ಭಾಗ ಉಬ್ಬುವುದರಿಂದ 18 ಎಂಬಿಯೊಳಗೆ ಇಟ್ಟುಕೊಳ್ಳಿ. ದಿನದ ಮೂರು ನಾಲ್ಕು ಚಿತ್ರಕ್ಕೆ ಅದು ಧಾರಾಳ.

ಒಂದು ಮಾತು ಮುಚ್ಚಿಡುವುದಿಲ್ಲ. ಡಿಸ್ಕಿನಲ್ಲಿ ಕೂತ ಪತ್ರಗಳು ಬೀಗವಿಲ್ಲದ ಫೈಲುಗಳು. ಯಂತ್ರ ಕೈಗೆ ಸಿಕ್ಕವರು ಓದಬಹುದು. ಸುದ್ದಿಮೂಲಗಳ ಹೆಸರಿರುವವರು ಡಿಸ್ಕನ್ನೇ ಎನ್‌ಕ್ರಿಪ್ಟ್ ಮಾಡಿಕೊಳ್ಳಬೇಕು, ಪೆನ್‌ಡ್ರೈವನ್ನೂ. ಆ ಹೊಣೆ ನಮ್ಮದೇ.

ಪತ್ರಿಕೋದ್ಯಮ ವಿಭಾಗಗಳು ನಮಗೆ ಪಿರಮಿಡ್ ತಲೆಕೆಳಗೆ ಮಾಡುವುದನ್ನು ಕಲಿಸಿದವು, ಬರೆದದ್ದನ್ನು ಉಳಿಸಿಕೊಳ್ಳುವುದನ್ನು ಕಲಿಸಲಿಲ್ಲ. ಒಂದು ಮಧ್ಯಾಹ್ನದ ಪ್ರಾಕ್ಟಿಕಲ್ ಸಾಕು, ಈ ವರ್ಷದ ಬ್ಯಾಚಿಗಾದರೂ ಕಲಿಸಿ. ಡೆಸ್ಕಿನ ಮಿತ್ರರೇ, ಮೇಲ್ ತೆರೆಯುವುದು ನಿಮಗೆ ಎರಡು ಕ್ಲಿಕ್ಕಿನ ಕೆಲಸ; ನಮಗೆ ಅದು ಹಾಜರಿ ಪುಸ್ತಕ. ಸ್ಟ್ರಿಂಗರ್ ಗೆಳೆಯರೇ, ಮುಂದಿನ ಬಿಲ್ಲಿನ ಜತೆ ಕಳಿಸಿದ ಪತ್ರಗಳ ಪಟ್ಟಿಯನ್ನೂ ಲಗತ್ತಿಸಿ. ಎಷ್ಟು ಕಳಿಸಿದಿರಿ, ಎಷ್ಟು ಅಚ್ಚಾಯಿತು, ಎಷ್ಟಕ್ಕೆ ದುಡ್ಡು ಬಂತು ಎಂದು ಮೂರು ಕಾಲಂ ಹಾಕಿ ಕೇಳಿ.