ಸಲ್ಲಾಪಕ್ಕೂ ಒಂದು ಮುಹೂರ್ತ

ಉಡುಪಿ, ಮಣಿಪಾಲ, ಕಾಪು, ಕಾರ್ಕಳ ಪರಿಸರದ ಮದುವೆಗಳಲ್ಲಿ ನಿಶ್ಚಿತಾರ್ಥಕ್ಕೂ ಧಾರೆಗೂ ನಡುವೆ ಇಂದು ಹಲವು ತಿಂಗಳುಗಳ ಅಂತರವಿರುವುದು ಸಾಮಾನ್ಯ. ಸಭಾಭವನ ದೊರೆಯುವ ದಿನಕ್ಕೆ ಮುಹೂರ್ತ ಹೊಂದಬೇಕು. ಊಟದ ಪಟ್ಟಿ, ಸೀರೆ, ಒಡವೆ, ಆಮಂತ್ರಣ ಪತ್ರಿಕೆ ಎಲ್ಲವೂ ನಿರ್ಣಯವಾಗಬೇಕು. ಕಾಪುವಿನ ಕಡಲತೀರದಲ್ಲಿ 1901ರ ದೀಪಸ್ತಂಭವನ್ನು ಹಿನ್ನೆಲೆಯಾಗಿಸಿಕೊಂಡು ವಧೂವರರ ಛಾಯಾಚಿತ್ರಗಳನ್ನು ತೆಗೆಯುವುದೂ ಈ ಸಿದ್ಧತೆಯ ಅಂಗವಾಗಿದೆ. ಚಿತ್ರದಲ್ಲಿ ಇಬ್ಬರೂ ಪರಸ್ಪರ ಮಾತಿನಲ್ಲಿ ಮೈಮರೆತವರಂತೆ ಕಾಣುತ್ತಾರೆ. ಆದರೆ ಆ ತಿಂಗಳುಗಳಲ್ಲಿ ಅವರ ನಡುವೆ ನಡೆಯುವ ನಿಜವಾದ ಮಾತು ಬಹುಪಾಲು ಲೆಕ್ಕ, ಪಟ್ಟಿ ಮತ್ತು ಹಿರಿಯರ ಸಂದೇಶಗಳ ರವಾನೆಗೆ ಸೀಮಿತವಾಗಿಬಿಡುತ್ತದೆ. ವಧೂವರರು ತಮ್ಮದೇ ಮದುವೆಯ ವ್ಯವಸ್ಥಾಪಕರಾಗುತ್ತಾರೆ. ಒಬ್ಬರಿಗೊಬ್ಬರು ಅಪರಿಚಿತರಾಗಿಯೇ ಮಂಟಪವನ್ನೇರುತ್ತಾರೆ.

ಇದನ್ನು ಸಮಾಜಶಾಸ್ತ್ರದ ವಿಷಯವೆಂದು ಬದಿಗಿರಿಸುವ ಮುನ್ನ ಸಾಹಿತ್ಯದ ವಿದ್ಯಾರ್ಥಿಗಳು ಒಂದು ಸಂಗತಿಯನ್ನು ನೆನೆಯಬೇಕು. ದಾಂಪತ್ಯದ ಮಾತುಕತೆಗೆ ಕನ್ನಡದಲ್ಲಿ ಶಾಶ್ವತವಾದ ಮಾದರಿಯೊಂದನ್ನು ಕೊಟ್ಟವನು ಇದೇ ನೆಲದ ಕವಿ. ಕಾರ್ಕಳ ತಾಲೂಕಿನ ನಂದಳಿಕೆಯಲ್ಲಿ 1870ರಲ್ಲಿ ಜನಿಸಿದ ಲಕ್ಷ್ಮೀನಾರಣಪ್ಪ, ಅರ್ಥಾತ್ ಮುದ್ದಣ, ಉಡುಪಿಯಲ್ಲಿ ವ್ಯಾಯಾಮ ಶಿಕ್ಷಕನಾಗಿದ್ದುಕೊಂಡು ಬಡತನ ಮತ್ತು ಅನಾರೋಗ್ಯಗಳ ನಡುವೆ ‘ಶ್ರೀರಾಮಾಶ್ವಮೇಧಂ’ ಎಂಬ ಗದ್ಯಕಾವ್ಯವನ್ನು ರಚಿಸಿದನು. ಕಾಪುವಿನ ದೀಪಸ್ತಂಭ ನಿರ್ಮಾಣವಾದ ವರ್ಷವೇ, 1901ರಲ್ಲಿ, ಆತ ಕಣ್ಮುಚ್ಚಿದನು. ಆಗ ಆತನ ವಯಸ್ಸು ಕೇವಲ 31. ಕಮಲಾಬಾಯಿಯವರೊಂದಿಗಿನ ಆತನ ದಾಂಪತ್ಯ ಒಂದು ದಶಕವನ್ನೂ ಪೂರೈಸಲಿಲ್ಲ.

ಆ ಕಾವ್ಯದ ರಾಮಕಥೆಗಿಂತ ಅದರ ಚೌಕಟ್ಟಾದ ಮುದ್ದಣ ಮನೋರಮೆಯರ ಸಲ್ಲಾಪವೇ ಹೆಚ್ಚು ಜನಪ್ರಿಯವಾಯಿತು. ಸರಸ, ಹಾಸ್ಯ, ನಿರೂಪಣೆಯ ಚಾತುರ್ಯ ಎಂಬ ಮೂರು ಮಾತುಗಳಲ್ಲಿ ತರಗತಿಯ ಪಾಠ ಸಾಮಾನ್ಯವಾಗಿ ಮುಗಿಯುತ್ತದೆ. ಆದರೆ ಆ ಸಲ್ಲಾಪದ ರಚನೆಯನ್ನು ಸೂಕ್ಷ್ಮವಾಗಿ ಗಮನಿಸಿದರೆ ಬೇರೊಂದು ಅಂಶ ಗೋಚರಿಸುತ್ತದೆ. ಮಳೆಗಾಲದ ಬೇಸರ ಕಳೆಯಲು ಕಥೆ ಬೇಕೆಂದು ಕೇಳುವವಳು ಮನೋರಮೆ. ಪದ್ಯ ಬೇಡ, ಗದ್ಯವಿರಲಿ ಎಂದು ನಿಶ್ಚಯಿಸುವವಳೂ ಅವಳೇ. ಗಂಡ ಸಂಸ್ಕೃತಭೂಯಿಷ್ಠವಾದ ಮಾತಿಗೆ ತೊಡಗಿದರೆ ಅದು ತನಗೆ ಗಂಟಲಲ್ಲಿ ಇಳಿಯದೆಂದು ನಿಸ್ಸಂಕೋಚವಾಗಿ ಹೇಳಿ, ತಿರುಳ್ಗನ್ನಡವನ್ನು ಕೇಳುತ್ತಾಳೆ. ಕವಿಯ ಪಾಂಡಿತ್ಯ ಆಕೆಯ ಆಕ್ಷೇಪಕ್ಕೆ ಮಣಿಯುತ್ತದೆ. ಇಲ್ಲಿ ಒಬ್ಬರು ಹೇಳುವವರು, ಇನ್ನೊಬ್ಬರು ತಲೆದೂಗುವವರು ಎಂಬ ವಿಭಜನೆ ಇಲ್ಲ. ಕೇಳುವವರಿಗೂ ಷರತ್ತು ವಿಧಿಸುವ ಹಕ್ಕುಂಟು. ಪ್ರೀತಿಯೆಂಬುದು ಹೊಗಳಿಕೆಯಲ್ಲಿ ಮಾತ್ರವಲ್ಲ, ಹೀಗೆ ಅಡ್ಡಿಪಡಿಸುವ ಸಲಿಗೆಯಲ್ಲಿಯೂ ಇದೆ ಎಂಬುದನ್ನು ಈ ಕಾವ್ಯ ತೋರುತ್ತದೆ.

ಮನೋರಮೆಯ ಧ್ವನಿಯೂ ಅಂತಿಮವಾಗಿ ಗಂಡನ ಲೇಖನಿಯಿಂದಲೇ ಹೊಮ್ಮಿದುದು ಎಂಬ ಆಕ್ಷೇಪ ನ್ಯಾಯವಾದುದೇ. ಕಮಲಾಬಾಯಿಯವರ ಸ್ವಂತ ಮಾತನ್ನು ಆ ಸಲ್ಲಾಪದಿಂದ ತಿಳಿಯಲಾಗದು. ಆದರೂ ಹೆಂಡತಿಯ ಅಸಮ್ಮತಿಯನ್ನು ತನ್ನ ಕಾವ್ಯದ ಬಾಗಿಲಲ್ಲೇ ನಿಲ್ಲಿಸಿಕೊಂಡು, ಅದಕ್ಕೆ ಓಗೊಟ್ಟು ಶೈಲಿಯನ್ನೇ ಬದಲಿಸಿಕೊಳ್ಳುವ ಗಂಡನ ಚಿತ್ರವನ್ನು ಆತ ಆದರ್ಶವೆಂದು ಭಾವಿಸಿದನೆಂಬುದು ಸಣ್ಣ ಸಂಗತಿಯಲ್ಲ. ಚೌಕಟ್ಟಿನೊಳಗಿನ ಕಥೆಯಲ್ಲಿ ರಾಮನು ಸೀತೆಯೊಡನೆ ಒಂದು ಮಾತನ್ನೂ ಆಡದೆ ಆಕೆಯನ್ನು ಕಾಡಿಗೆ ಕಳುಹಿಸುತ್ತಾನೆ. ಮಾತನಾಡದ ದಂಪತಿಯ ಕಥೆಯನ್ನು ಮಾತನಾಡುವ ದಂಪತಿಯ ನಡುವೆ ಇರಿಸಿದುದರಲ್ಲಿಯೇ ಕಾವ್ಯದ ವಿಮರ್ಶೆ ಅಡಗಿದೆ.

ಮಾತು ಇಲ್ಲವಾದಾಗ ಒದಗುವ ಅನಾಹುತವನ್ನು ಜೈನ ಕಾವ್ಯಪರಂಪರೆ ಇನ್ನಷ್ಟು ನಿಷ್ಠುರವಾಗಿ ನಿರೂಪಿಸಿದೆ. 1209ರಲ್ಲಿ ಜನ್ನನು ರಚಿಸಿದ ‘ಯಶೋಧರ ಚರಿತೆ’ಯಲ್ಲಿ ಅರಮನೆ, ಸಂಪತ್ತು, ರೂಪ ಯಾವುದಕ್ಕೂ ಕೊರತೆಯಿಲ್ಲ. ರಾಣಿ ಅಮೃತಮತಿಯ ಮನಸ್ಸು ಮಾವಟಿಗನ ಹಾಡಿಗೆ ಒಲಿದುದನ್ನು ಅರಿತ ಯಶೋಧರನು ಎತ್ತಿದ ಕತ್ತಿಯನ್ನು ತಡೆದುಕೊಳ್ಳುತ್ತಾನೆ, ನಿಜ. ಆದರೆ ಹೆಂಡತಿಯೊಡನೆ ಮನಬಿಚ್ಚಿ ಮಾತನಾಡುವುದಿಲ್ಲ. ಕಂಡುದನ್ನು ಕನಸೆಂದು ಮರೆಮಾಚಿ ತಾಯಿಗೆ ಹೇಳುತ್ತಾನೆ. ತಾಯಿ ಆ ಕನಸಿಗೆ ಶಾಂತಿಯನ್ನು ಸೂಚಿಸುತ್ತಾಳೆ. ಹಿಟ್ಟಿನ ಕೋಳಿಯ ಬಲಿ, ಸಂಕಲ್ಪಹಿಂಸೆ, ಭವಭವಗಳ ಬವಣೆ ಎಲ್ಲವೂ ಅಲ್ಲಿಂದ ಮೊದಲಾಗುತ್ತವೆ. ವಿಮರ್ಶೆ ಅಮೃತಮತಿಯ ಮನೋಧರ್ಮವನ್ನು ಸಾಕಷ್ಟು ಚರ್ಚಿಸಿದೆ. ಇಬ್ಬರ ನಡುವೆ ನಡೆಯಬೇಕಿದ್ದ ಮಾತು ಮೂರನೆಯವರ ಬಳಿಗೆ, ಅದೂ ವೇಷ ಮರೆಸಿಕೊಂಡು, ಹೋದುದರ ಕಡೆಗೂ ದೃಷ್ಟಿ ಹರಿಯಬೇಕು.

ಇಂದಿನ ಮದುವೆಯ ಸಿದ್ಧತೆಯಲ್ಲಿ ಇದೇ ದೋಷದ ಸೌಮ್ಯರೂಪವೊಂದು ನಿತ್ಯ ಕಾಣುತ್ತದೆ. ವಧುವಿಗೆ ಆಡಂಬರ ಬೇಡವೆನಿಸಿದರೆ ಅವಳು ತನ್ನ ತಾಯಿಗೆ ಹೇಳುತ್ತಾಳೆ. ತಾಯಿ ಸೋದರಮಾವನಿಗೆ, ಅವರು ವರನ ತಂದೆಗೆ. ವರನ ಕಿವಿಗೆ ಬೀಳುವಷ್ಟರಲ್ಲಿ ಅದು ಎರಡು ಮನೆತನಗಳ ಮಾನದ ಪ್ರಶ್ನೆಯಾಗಿರುತ್ತದೆ. ಮದುವೆಯ ನಂತರ ಆಕೆಯ ಉದ್ಯೋಗ ಮಣಿಪಾಲದಲ್ಲಿಯೇ ಮುಂದುವರಿಯುವುದೇ, ವೃದ್ಧ ತಂದೆತಾಯಿಗಳ ಹೊಣೆ ಯಾರದು, ಸಾಲ ಎಷ್ಟಿದೆ ಎಂಬ ಪ್ರಶ್ನೆಗಳಂತೂ ಊಟದ ಪಟ್ಟಿಯ ಕೆಳಗೆ ಹೂತುಹೋಗುತ್ತವೆ.

ವಿವಾಹವು ಇಬ್ಬರ ಸಂಬಂಧವಲ್ಲ, ಎರಡು ಕುಟುಂಬಗಳ ಸಂಬಂಧ. ಮಾತನಾಡಲು ದಂಪತಿಗೆ ಮುಂದೆ ಇಡೀ ಬಾಳಿದೆ ಎಂದು ಹಿರಿಯರು ಹೇಳುವುದುಂಟು. ಕುಟುಂಬಗಳ ಬೆಂಬಲದ ಬೆಲೆಯನ್ನು ಯಾರೂ ಅಲ್ಲಗಳೆಯಲಾರರು. ಆದರೆ ಧಾರೆಯ ನೀರು ಬೀಳುವುದು ಎರಡೇ ಜೋಡಿ ಕೈಗಳ ಮೇಲೆ. ಇಡೀ ಬಾಳು ಮುಂದಿದೆಯೆಂಬ ಭರವಸೆಗೂ ಮುದ್ದಣನ ಅಲ್ಪಾಯುಷ್ಯವೇ ಉತ್ತರ. ಹಿಂದಿನ ಕಾಲದ ವಧೂವರರಿಗೆ ಮದುವೆಗೆ ಮುಂಚೆ ಮಾತಿನ ಅವಕಾಶವೇ ವಿರಳವಾಗಿತ್ತು. ಇಂದಿನವರಿಗೆ ಅವಕಾಶವಿದೆ, ಅದನ್ನು ಪಟ್ಟಿಗಳಿಗೆ ಒಪ್ಪಿಸಿಬಿಡುವುದು ದೊರೆತ ಹಕ್ಕನ್ನು ಬಿಟ್ಟುಕೊಟ್ಟಂತೆಯೇ.

ಆದುದರಿಂದ ವಾರಕ್ಕೊಂದು ಸಂಜೆಯಾದರೂ ಮದುವೆಯ ಏರ್ಪಾಡಿನ ಮಾತೆತ್ತದೆ ವಧೂವರರಿಬ್ಬರೇ ಕುಳಿತು ಮಾತನಾಡಲಿ. ಭಿನ್ನಾಭಿಪ್ರಾಯವಿದ್ದರೆ ಅದು ಮೊದಲು ಪರಸ್ಪರರ ಕಿವಿಗೇ ಬೀಳಲಿ. ಹಿರಿಯರು ಆ ಸಂಜೆಯನ್ನು ಗೌರವಿಸಲಿ. ಜ್ಯೋತಿಷಿಯು ಧಾರೆಗೆ ಮುಹೂರ್ತವನ್ನು ಗೊತ್ತುಮಾಡಿಕೊಡುತ್ತಾನೆ. ಸಲ್ಲಾಪದ ಮುಹೂರ್ತವನ್ನು ಮಾತ್ರ ವಧೂವರರೇ ಗೊತ್ತುಮಾಡಿಕೊಳ್ಳಬೇಕು.